ತಾಳ ತಪ್ಪಿದ ಹೃದಯ: ಪತ್ತೆಯ ಇತಿಹಾಸ

ಹೃದಯ ಬಡಿತದ ಏರುಪೇರನ್ನು ಪತ್ತೆಹಚ್ಚುವ ಕೆಲಸ ಮಣಿಕಟ್ಟಿನ ಮೇಲಿಟ್ಟ ಬೆರಳಿನಿಂದ ಶುರುವಾಯಿತು. ಆಯುರ್ವೇದದ ಶಾರ್ಙ್ಗಧರ ಸಂಹಿತೆ ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿ ಗುರುತಿಸಿತು. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಸರಿಯಾಗಿ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ, ನಾಡಿ ಎಣಿಸುವ ಕ್ರಮವನ್ನು 1707ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಆದರೆ ಮಣಿಕಟ್ಟು ಎಲ್ಲವನ್ನೂ ಹೇಳುವುದಿಲ್ಲ. ಬಡಿತ ತೀರಾ ಅಡ್ಡಾದಿಡ್ಡಿಯಾದಾಗ ಕೆಲವು ಬಡಿತಗಳು ಕೈವರೆಗೆ ತಲುಪುವಷ್ಟು ಬಲವಾಗಿರುವುದಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎಣಿಸಿದರೆ ಬರುವ ಲೆಕ್ಕ ನಾಡಿಯದಕ್ಕಿಂತ ಹೆಚ್ಚಿರುತ್ತದೆ. ಇಂಗ್ಲೆಂಡಿನ ಬರ್ನ್‌ಲಿ ಪಟ್ಟಣದ ವೈದ್ಯ ಜೇಮ್ಸ್ ಮೆಕೆಂಜಿ ಕತ್ತಿನ ರಕ್ತನಾಳದ ಮಿಡಿತವನ್ನೂ ಕೈನಾಡಿಯನ್ನೂ ಒಂದೇ ಕಾಗದದ ಮೇಲೆ ಅಕ್ಕಪಕ್ಕ ದಾಖಲಿಸಿದರು. ನಾಡಿ ಪೂರ್ತಿ ಲಯ ತಪ್ಪಿದ್ದವರಲ್ಲಿ ಹೃತ್ಕರ್ಣದ, ಅಂದರೆ ಹೃದಯದ ಮೇಲಿನ ಕೋಣೆಯ, ಅಲೆಯೇ ಕಾಣೆಯಾಗಿತ್ತು. ಕಾರಣ ಮಾತ್ರ ಸ್ಪಷ್ಟವಾಗಲಿಲ್ಲ.

ಉತ್ತರ ಕೊಟ್ಟದ್ದು ಇಸಿಜಿ. ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವಿಲೆಮ್ ಐಂತೋವನ್ ರೂಪಿಸಿದ ಯಂತ್ರದ ತೂಕ ಸುಮಾರು 270 ಕಿಲೋ. ರೋಗಿ ಎರಡೂ ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಹೃದಯದ ವಿದ್ಯುತ್ತಿಗೆ ಅಲುಗುವ ಎಳೆಯೊಂದರ ನೆರಳು ಛಾಯಾಚಿತ್ರದ ಫಲಕದ ಮೇಲೆ ಮೂಡುತ್ತಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗದ್ದರಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲೇ ಸಂಕೇತ ಕಳಿಸಿದರು. ಇದೇ ಬಗೆಯ ಯಂತ್ರದಿಂದ ಲಂಡನ್ನಿನ ಥಾಮಸ್ ಲೂಯಿಸ್ 1909ರಲ್ಲಿ, ಅಂಥ ರೋಗಿಗಳ ಹೃತ್ಕರ್ಣ ಸಂಕುಚಿಸುವ ಬದಲು ಬರೀ ಕಂಪಿಸುತ್ತಿರುತ್ತದೆ ಎಂದು ತೋರಿಸಿದರು. ಐಂತೋವನ್ ಅವರಿಗೆ 1924ರ ನೊಬೆಲ್ ಬಂತು.

ಇನ್ನೊಂದು ತೊಡಕು ಉಳಿಯಿತು: ಎದೆ ಡವಗುಟ್ಟುತ್ತಿದ್ದವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸರಿಹೋಗಿರುತ್ತಿದ್ದರು.

ಇದಕ್ಕೆ ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಇಸಿಜಿಯನ್ನೇ ರೋಗಿಯ ಜೊತೆ ಓಡಾಡಿಸಿದರು. ಮೊದಲು ಬೆನ್ನಿಗೆ ಹೊರಬೇಕಿದ್ದ ಸುಮಾರು 38 ಕಿಲೋ ಭಾರದ ಉಪಕರಣ, ಮುಂದೆ ಜೇಬಿಗೆ ಹಿಡಿಸುವಷ್ಟಾಯಿತು. 1960ರ ದಶಕದ ಕೊನೆಗೆ ವೈದ್ಯರು ಕಾಯುವುದನ್ನೂ ಬಿಟ್ಟರು: ಆಮ್‌ಸ್ಟರ್‌ಡ್ಯಾಮಿನಲ್ಲಿ ಡರರ್ ಮತ್ತು ವೆಲೆನ್ಸ್, ರಕ್ತನಾಳದೊಳಗಿಂದ ಹೃದಯಕ್ಕೆ ತಂತಿ ತೂರಿಸಿ, ನಿಗದಿತ ಹೊತ್ತಿಗೆ ವಿದ್ಯುತ್ ಕೊಟ್ಟು, ವೇಗದ ಬಡಿತವನ್ನು ಬೇಕೆಂದೇ ಎಬ್ಬಿಸಿ ಅದರ ದಾರಿ ಹುಡುಕಿದರು.

ಇಂದಿಗೂ ಮೊದಲ ಪರೀಕ್ಷೆ ಇಸಿಜಿಯೇ. ಜೊತೆಗೆ ಎಕೋ (ಹೃದಯದ ಅಲ್ಟ್ರಾಸೌಂಡ್), ಥೈರಾಯ್ಡ್ ಮತ್ತು ಪೊಟ್ಯಾಸಿಯಂ ತಪಾಸಣೆ. ದಿನವೂ ಕಾಡುವ ಲಕ್ಷಣಕ್ಕೆ 24 ಗಂಟೆಯ ಹೋಲ್ಟರ್ ಸಾಕು. ತಿಂಗಳುಗಟ್ಟಲೆ ಬಾರದಿದ್ದರೆ ಚರ್ಮದಡಿ ಪುಟ್ಟ ದಾಖಲೆಯಂತ್ರ ಇಡುತ್ತಾರೆ. ಕೈಗಡಿಯಾರದ ಬೆಳಕಿನ ಸಂವೇದಕ ಲಯ ತಪ್ಪಿದೆಯೆಂದು ಎಚ್ಚರಿಸಬಲ್ಲದು. ಅದು ಹೃತ್ಕರ್ಣದ ಕಂಪನವೇ ಎಂದು ಖಚಿತಪಡಿಸಲು ಮಾತ್ರ ವೈದ್ಯರು ಇಸಿಜಿಯ ಗೆರೆಯನ್ನೇ ಕಣ್ಣಾರೆ ನೋಡಬೇಕು.