ಕಾಯುವಿಕೆಯ ಏಳು ವರ್ಷಗಳು

ಕನ್ನಡದ ‘ಕಾಯು’ ಎಂಬ ಧಾತು ಎರಡು ಕೆಲಸಗಳನ್ನು ಹೇಳುತ್ತದೆಂಬುದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ನೆನಪಿರಬಹುದು. ಬರಬೇಕಾದವರಿಗಾಗಿ ಕಾಯುವುದು ಒಂದು. ಹೊಲವನ್ನೋ ಮನೆಯನ್ನೋ ಕಾಯುವುದು ಇನ್ನೊಂದು. ಕನ್ನಡ ಬೈಬಲಿನಲ್ಲಿ ನಂಬಿಕೆ ಮತ್ತು ಪ್ರೀತಿಯ ಜೊತೆಗೆ ನಿಲ್ಲುವ ಮೂರನೆಯ ಗುಣದ ಹೆಸರು ‘ನಿರೀಕ್ಷೆ’. ಲೂಕನ ಸುವಾರ್ತೆಯಲ್ಲಿ ಬರುವ ವೃದ್ಧ ವಿಧವೆ ಅನ್ನಳು ದೇವಾಲಯವನ್ನು ಬಿಡದೆ, ಉಪವಾಸ ಪ್ರಾರ್ಥನೆಗಳಲ್ಲಿ ಸೇವೆ ಸಲ್ಲಿಸುತ್ತಲೇ ಕಾದವಳು. ಕಾಯುವ ಕಾಲವನ್ನು ಕ್ರೈಸ್ತ ಪರಂಪರೆ ಬರಿದಾದ ಕಾಲವೆಂದು ಎಣಿಸಿಲ್ಲ. ಆದರೆ ಅಂಥ ಕಾಲ ಒಂದು ಮನೆಯೊಳಗೆ ಹೇಗಿರುತ್ತದೆ ಎಂಬುದಕ್ಕೆ ವಿಲಿಯಂ ಕೇರಿ ಅವರ ಚರಿತ್ರೆಯನ್ನು ನೋಡಬೇಕು.

1761ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರಿನಲ್ಲಿ ಹುಟ್ಟಿದ ಕೇರಿ ಪಾದರಕ್ಷೆ ಹೊಲಿಯುವ ಕಸುಬಿನವರು. 1793ರ ನವೆಂಬರಿನಲ್ಲಿ, ಐದು ತಿಂಗಳ ಹಡಗುಯಾನದ ನಂತರ, ಕುಟುಂಬಸಮೇತ ಬಂಗಾಳಕ್ಕೆ ಬಂದಿಳಿದರು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಡವಾಗಿದ್ದರು. ಕೈಯಲ್ಲಿದ್ದ ಹಣ ಬೇಗನೆ ಮುಗಿಯಿತು. 1794ರಲ್ಲಿ ಮಾಲ್ದಾ ಸೀಮೆಯ ಮದನಾವತಿಯ ನೀಲಿ ಕಾರ್ಖಾನೆಯ ಉಸ್ತುವಾರಿ ದೊರೆತು ಹೊಟ್ಟೆಪಾಡು ನಡೆಯಿತು. ಅದೇ ವರ್ಷ ಐದು ವಯಸ್ಸಿನ ಮಗ ಪೀಟರ್ ತೀರಿಕೊಂಡ. ಊರೂರು ತಿರುಗಿ ಬೋಧಿಸಿದರೂ ಬಂಗಾಳಿಗಳಲ್ಲಿ ಒಬ್ಬರಾದರೂ ದೀಕ್ಷಾಸ್ನಾನಕ್ಕೆ ಮುಂದೆ ಬರಲಿಲ್ಲ. ಹೀಗೆ ಏಳು ವರ್ಷಗಳು ಕಳೆದವು.

ಆ ಏಳು ವರ್ಷಗಳಲ್ಲಿ ಕೇರಿ ಮಾಡಿದ್ದೇನು? ರಾಮರಾಮ ಬಸು ಎಂಬ ಮುನ್ಷಿಯ ನೆರವಿನಿಂದ ಬಂಗಾಳಿಯನ್ನು ಅಭ್ಯಾಸ ಮಾಡಿದರು, ಸಂಸ್ಕೃತವನ್ನು ಹಿಡಿದರು. 1797ರ ಹೊತ್ತಿಗೆ ಹೊಸ ಒಡಂಬಡಿಕೆಯ ಬಂಗಾಳಿ ಕರಡು ಬಹುಮಟ್ಟಿಗೆ ಸಿದ್ಧವಾಗಿತ್ತು. ಓದುವವರು ಯಾರೆಂದು ತಿಳಿಯದಿದ್ದಾಗಲೂ ಬರೆದಿಟ್ಟ ಪುಟಗಳವು. 1800ರ ಜನವರಿಯಲ್ಲಿ ಅವರು ಡೇನರ ಆಳ್ವಿಕೆಯಲ್ಲಿದ್ದ ಶ್ರೀರಾಂಪುರಕ್ಕೆ ಹೋದಾಗ ಅಲ್ಲಿ ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಗಾರರು ಸಿಕ್ಕರು, ಮುದ್ರಣಾಲಯ ಎದ್ದಿತು. 1800ರ ಡಿಸೆಂಬರ್ 28ರಂದು ಕೃಷ್ಣ ಪಾಲ್ ಎಂಬ ಬಡಗಿ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದ. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಯಿತು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮಂಗಳವಾಗುತ್ತದೆ. ಆದರೆ ಅದೇ ಮನೆಯಲ್ಲಿ ಇನ್ನೊಬ್ಬರು ಕಾಯುತ್ತಿದ್ದರು: ಪತ್ನಿ ಡೊರೋತಿ. ಆಕೆ ಅಕ್ಷರ ಬಾರದ ಹಳ್ಳಿಯ ಹೆಣ್ಣುಮಗಳು. ಭಾರತಕ್ಕೆ ಬರಲು ಮೊದಲು ಒಪ್ಪಿರಲಿಲ್ಲ. ತಂಗಿ ಜೊತೆಗೆ ಬರುವುದಾದರೆ ಎಂಬ ಷರತ್ತಿನ ಮೇಲೆ, ಎಳೆಯ ಕೂಸನ್ನೆತ್ತಿಕೊಂಡು ಹಡಗು ಹತ್ತಿದರು. ಪೀಟರನ ಸಾವಿನ ನಂತರ ಅವರ ಬುದ್ಧಿ ಸ್ಥಿಮಿತ ತಪ್ಪಿತು. ಕೃಷ್ಣ ಪಾಲನ ದೀಕ್ಷಾಸ್ನಾನದ ದಿನವೂ ಅವರು ಕೋಣೆಯೊಂದರಲ್ಲಿ ಕೂಗಾಡುತ್ತಿದ್ದರು. 1807ರಲ್ಲಿ ತೀರಿಕೊಳ್ಳುವವರೆಗೂ ಗುಣವಾಗಲಿಲ್ಲ. ಗಂಡನ ಏಳು ವರ್ಷಗಳಿಗೆ ಫಲ ದೊರೆಯಿತು. ಹೆಂಡತಿಯ ಕಾಯುವಿಕೆಗೆ ಕೊನೆಯೇ ಬರಲಿಲ್ಲ. ‘ತಾಳ್ಮೆಗೆ ಪ್ರತಿಫಲವುಂಟು’ ಎಂದು ಹೇಳುವವರು ಈ ಕೋಣೆಯ ಬಾಗಿಲನ್ನೂ ದಾಟಿ ಹೋಗಬೇಕಾಗುತ್ತದೆ.

ಆಕೆಯನ್ನು ಕರೆತಂದ ಹೊಣೆ ಕೇರಿಯದೇ. ಆದರೆ ಹುಚ್ಚಾಸ್ಪತ್ರೆಗೆ ಸೇರಿಸಿರೆಂಬ ಸಲಹೆಗೆ ಒಪ್ಪದೆ, ಕಡೆಯವರೆಗೂ ಮನೆಯಲ್ಲೇ ಇರಿಸಿಕೊಂಡರು. ಪಕ್ಕದ ಕೋಣೆಯ ಆರ್ತನಾದವನ್ನು ಕೇಳುತ್ತಲೇ ಅನುವಾದ ಸಾಗಿತು. ಇಲ್ಲಿ ‘ಕಾಯು’ ಎಂಬುದರ ಎರಡು ಅರ್ಥಗಳೂ ಒಂದಾಗುತ್ತವೆ.

1812ರ ಮಾರ್ಚ್ 11ರಂದು ಶ್ರೀರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ವರ್ಷಗಳ ದುಡಿಮೆ ಬೂದಿಯಾಯಿತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯದೂ ಇತ್ತು. ಐವತ್ತು ದಾಟಿದ್ದ ಕೇರಿ ಮತ್ತೆ ಮೊದಲಿನಿಂದ ಬರೆಯಲು ಕುಳಿತರು. 1817ರಲ್ಲಿ ಅದೇ ಮುದ್ರಣಾಲಯದಿಂದ ಅವರ ಕನ್ನಡ ವ್ಯಾಕರಣ ಹೊರಬಂದಿತು. ಮದನಾವತಿಯಲ್ಲಿ ಕಲಿತ ಅಭ್ಯಾಸದ ಫಲದಲ್ಲಿ ಒಂದು ಪಾಲು ಹೀಗೆ ನಮ್ಮ ನುಡಿಗೂ ಸಂದಿದೆ.

ನಿಮ್ಮಲ್ಲಿ ಕೆಲವರು ಉದ್ಯೋಗಕ್ಕಾಗಿ ಕಾಯುತ್ತಿರಬಹುದು; ಕೆಲವರು ತಂದೆತಾಯಿಯರ ರೋಗಶಯ್ಯೆಯ ಬಳಿ ಕುಳಿತಿರಬಹುದು. ಮೊದಲನೆಯದಕ್ಕೆ ಫಲ ಬಂದೀತು, ಎರಡನೆಯದಕ್ಕೆ ಬಾರದಿರಬಹುದು. ಆದರೂ ಕಾಯುವ ಕಾಲದಲ್ಲಿ ನಮ್ಮ ಕಾವಲಿಗೆ ಒಪ್ಪಿಸಿದ ಒಂದು ಜೀವವೋ ಒಂದು ಕೆಲಸವೋ ಹತ್ತಿರದಲ್ಲಿಯೇ ಇರುತ್ತದೆ. ಅದನ್ನು ಗುರುತಿಸಿ ಕಾಯುವುದೇ ಆ ಕಾಲದ ಆರಾಧನೆಯೆಂದು ಈ ಚರಿತ್ರೆಯಿಂದ ನಾನು ತಿಳಿದುಕೊಂಡಿದ್ದೇನೆ.