ಎರಡು ಡಾಲರ್ ಮುಖವಾಡ, ಐದರ ಎಣಿಕೆಯ ಭಯ



ರಾತ್ರಿ ಟಿ.ವಿ.ಯಲ್ಲಿ ಭಯಾನಕ ಸಿನಿಮಾ ನೋಡುವಾಗ ಹೆದರಿಕೆಯಾದರೆ ನೀವೇನು ಮಾಡುತ್ತೀರಿ? ಬಹಳ ಮಂದಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಂದಿನ ಸಲ ಕಣ್ಣು ಬಿಟ್ಟುಕೊಂಡೇ ಇರಿ, ಧ್ವನಿಯನ್ನು ಮಾತ್ರ ಬಂದ್ ಮಾಡಿ. ಅರ್ಧ ದೆವ್ವ ಅಲ್ಲೇ ಓಡಿಹೋಗುತ್ತದೆ. ರೇಡಿಯೋದವರು ಶಬ್ದವನ್ನು ಹೊಗಳದೆ ಇನ್ನೇನು ಮಾಡುತ್ತಾರೆ ಅನ್ನಬೇಡಿ. ಈ ಮಾತಿಗೆ 1978ರ ಸಾಕ್ಷಿಯೊಂದಿದೆ.

ಆ ವರ್ಷ ಅಮೆರಿಕದಲ್ಲಿ 'ಹ್ಯಾಲೋವೀನ್' ಎಂಬ ಸಿನಿಮಾ ಬಂತು. ಅಕ್ಟೋಬರ್ 31ರಂದು ಅಲ್ಲಿನ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹಬ್ಬವಿದೆಯಲ್ಲ, ಅದೇ ಹೆಸರು. ಕಥೆ ಇಷ್ಟೇ: ಆರು ವರ್ಷದ ಹುಡುಗನೊಬ್ಬ ಹಬ್ಬದ ರಾತ್ರಿ ಅಕ್ಕನನ್ನು ಕೊಲ್ಲುತ್ತಾನೆ. ಹದಿನೈದು ವರ್ಷದ ಮೇಲೆ ಆಸ್ಪತ್ರೆಯಿಂದ ತಪ್ಪಿಸಿಕೊಂಡು, ಮುಖವಾಡ ತೊಟ್ಟು ಊರಿಗೆ ಮರಳುತ್ತಾನೆ.

ನಿರ್ದೇಶಕ ಜಾನ್ ಕಾರ್ಪೆಂಟರ್‌ಗೆ ಆಗ ಮೂವತ್ತು ವರ್ಷ. ಡೆಬ್ರಾ ಹಿಲ್ ಜತೆ ಚಿತ್ರಕಥೆ ಬರೆದ ಅವರ ಕೈಯಲ್ಲಿದ್ದದ್ದು ಸುಮಾರು 3 ಲಕ್ಷ ಡಾಲರ್, ಚಿತ್ರೀಕರಣಕ್ಕೆ ಇಪ್ಪತ್ತೇ ದಿನಗಳಷ್ಟು ಸಮಯ. ಕಥೆ ನಡೆಯುವುದು ಎಲೆ ಉದುರುವ ಕಾಲದಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ! ಬಣ್ಣ ಬಳಿದ ಎಲೆಗಳನ್ನು ರಸ್ತೆಗೆ ಚೆಲ್ಲಿ, ಶಾಟ್ ಮುಗಿದ ಮೇಲೆ ಮತ್ತೆ ಆರಿಸಿ ಚೀಲಕ್ಕೆ ತುಂಬಬೇಕಾಗಿತ್ತು. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಎರಡು ಡಾಲರ್‌ಗೂ ಕಡಿಮೆಗೆ ಸಿಕ್ಕ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನದು. ಅದಕ್ಕೆ ಬಿಳಿ ಬಣ್ಣ ಹೊಡೆದು, ಕಣ್ಣಿನ ತೂತು ದೊಡ್ಡದು ಮಾಡಿದರು. ಅದನ್ನು ತೊಟ್ಟು ನಡೆದವರು ನಿರ್ದೇಶಕರ ಗೆಳೆಯ ನಿಕ್ ಕ್ಯಾಸಲ್, ದಿನಕ್ಕೆ 25 ಡಾಲರ್ ಕೂಲಿಗೆ. ನಾಯಕಿ ಜೇಮೀ ಲೀ ಕರ್ಟಿಸ್‌ಗೆ ಇದು ಮೊದಲ ಸಿನಿಮಾ. 1960ರ 'ಸೈಕೋ' ಚಿತ್ರದ ಸ್ನಾನದ ಮನೆಯಲ್ಲಿ ಕೊಲೆಯಾಗುವ ಜ್ಯಾನೆಟ್ ಲೀ ಅವರ ಮಗಳು ಆಕೆ.

ಚಿತ್ರವೇನೋ ಸಿದ್ಧವಾಯಿತು. ಸಂಗೀತ ಸೇರಿಸುವ ಮುನ್ನ ಕಾರ್ಪೆಂಟರ್ ಅದನ್ನು ದೊಡ್ಡ ಸ್ಟುಡಿಯೋದ ಅಧಿಕಾರಿಯೊಬ್ಬರಿಗೆ ತೋರಿಸಿದರು. ಆಕೆಗೆ ಒಂದಿಷ್ಟೂ ಭಯವಾಗಲಿಲ್ಲ! ಅಷ್ಟು ಜನರ ದುಡಿಮೆ ನೀರಲ್ಲಿ ಹೋಮವಾಗುವ ಹೊತ್ತು. ಬೇರೆ ಸಂಗೀತಗಾರರನ್ನು ಕರೆಸಲು ದುಡ್ಡೂ ಇರಲಿಲ್ಲ. ಸ್ವರಲಿಪಿ ಬರೆಯಲು ಬಾರದ ಕಾರ್ಪೆಂಟರ್ ತಾವೇ ಪಿಯಾನೊ, ಸಿಂಥಸೈಜರ್ ಮುಂದೆ ಕುಳಿತರು. ಸಂಗೀತದ ಮೇಷ್ಟರಾಗಿದ್ದ ಅವರ ತಂದೆ ಚಿಕ್ಕಂದಿನಲ್ಲಿ ಬೊಂಗೊ ಮೇಲೆ ಐದರ ಎಣಿಕೆ ಕಲಿಸಿದ್ದರು. ಅದೇ ನೆನಪಿಗೆ ಬಂತು.

ಐದರ ಎಣಿಕೆ ನಮಗೆ ಹೊಸದಲ್ಲ. 'ತಕತಕಿಟ' ಎಂದು ಮೃದಂಗದವರು ಹೇಳುವ ಖಂಡ ಜಾತಿ ನಮ್ಮಲ್ಲೇ ಇದೆ. ಆದರೆ ನಾಲ್ಕಕ್ಕೆ ಒಗ್ಗಿದ ಕಿವಿ, ನಾಲ್ಕಾದ ಕೂಡಲೇ ಮುಗಿಯಿತು ಅಂದುಕೊಳ್ಳುತ್ತದೆ. ಮುಗಿದಿರುವುದಿಲ್ಲ. ಹಿಂದೆ ಯಾರೋ ಒಂದು ಹೆಜ್ಜೆ ಹೆಚ್ಚು ಇಟ್ಟ ಹಾಗೆ! ಸುಮಾರು ಮೂರು ದಿನದಲ್ಲಿ ಸಂಗೀತ ಮುಗಿಯಿತು. ಮುಂದೆ ಅದೇ ಚಿತ್ರವನ್ನು ಸಂಗೀತದೊಂದಿಗೆ ನೋಡಿದ ಆ ಅಧಿಕಾರಿ ಮೆಚ್ಚಿಕೊಂಡರಂತೆ.

ಅಮೆರಿಕದಲ್ಲೇ ಸುಮಾರು 4 ಕೋಟಿ 70 ಲಕ್ಷ ಡಾಲರ್ ಬಾಚಿದ ಈ ಚಿತ್ರ, 2006ರಲ್ಲಿ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಸೇರಿತು. ಅನುಕರಣೆಗಳಿಗಂತೂ ಲೆಕ್ಕವಿಲ್ಲ. ಒಂದು ಮಾತು ಮಾತ್ರ ಹೇಳಲೇಬೇಕು: ಮಾನಸಿಕ ಆಸ್ಪತ್ರೆಯಲ್ಲಿದ್ದವನೆಂದರೆ ಕೊಲೆಗಾರ ಎಂಬ ಗುಮಾನಿಯನ್ನು ಇಂಥ ಚಿತ್ರಗಳು ಜನರಲ್ಲಿ ಬೆಳೆಸಿದವು. ಕಾಯಿಲೆಯವರಿಗೆ ಅದು ದೊಡ್ಡ ಅನ್ಯಾಯ.

ಕೊನೆಗೆ, ಈ ಚಿತ್ರದ ಹಿಂದೆ ನಿಂತ ಮುಸ್ತಫಾ ಅಕ್ಕಾದ್. ಸಿರಿಯಾದ ಅಲೆಪ್ಪೊದಲ್ಲಿ ಹುಟ್ಟಿದವರು, ಕೊನೆಯವರೆಗೂ ಈ ಸರಣಿಯ ಚಿತ್ರಗಳ ನಿರ್ಮಾಣದಲ್ಲಿದ್ದವರು. 2005ರ ನವೆಂಬರ್‌ನಲ್ಲಿ ಜೋರ್ಡನ್‌ನ ಅಮ್ಮಾನ್ ನಗರದ ಹೋಟೆಲುಗಳಲ್ಲಿ ಬಾಂಬ್ ಸಿಡಿದಾಗ ಅವರೂ ಅವರ ಮಗಳೂ ಬಲಿಯಾದರು. ಜನರನ್ನು ಸುಳ್ಳು ಭಯದಿಂದ ಬೆಚ್ಚಿಬೀಳಿಸಿ, ದೀಪ ಹತ್ತಿದ ಮೇಲೆ ನಗುತ್ತಾ ಮನೆಗೆ ಕಳಿಸಿದವರು ಅವರು. ಅವರನ್ನು ಕೊಂದ ಭಯಕ್ಕೆ ಮುಖವಾಡವೂ ಇರಲಿಲ್ಲ, ಮುನ್ಸೂಚನೆಯ ಸಂಗೀತವೂ ಇರಲಿಲ್ಲ.

ಇಂದು ರಾತ್ರಿ ಮಲಗುವ ಮುನ್ನ ಬಾಗಿಲ ಚಿಲಕ ಒಮ್ಮೆ ನೋಡಿಕೊಳ್ಳಿ. ರೇಡಿಯೋ ಮಾತ್ರ ಆರಿಸಬೇಡಿ. ಮತ್ತೆ ಸಿಗೋಣ.