ಪಾವು ಅಂದರೆ ಎಷ್ಟು?

ಅಮ್ಮನ ಅಡುಗೆ ಪುಸ್ತಕದಲ್ಲಿ ಒಂದು ಕೇಕ್ ಇದೆ. ಮೊದಲ ಸಾಲು ಪೆನ್ಸಿಲ್ಲಿನಲ್ಲಿ: ‘ಮೈದಾ ಒಂದೂವರೆ ಪಾವು, ಸಕ್ಕರೆ ಒಂದು ಪಾವು, ಬೆಣ್ಣೆ ಅರ್ಧ ಪಾವು, ಮೊಟ್ಟೆ ಎರಡು.’ ಮೈಸೂರಿನ ಮನೆಯಲ್ಲಿ, ಇದ್ದಿಲ ಒಲೆಯ ಮೇಲೆ ಮರಳು ಹಾಕಿದ ಪಾತ್ರೆಯಲ್ಲಿ ಅದು ಹೂವಿನಂತೆ ಅರಳುತ್ತಿತ್ತು. ಮುಂಬಯಿಯಲ್ಲಿ ನಾನು ಮಾಡಿದಾಗಲೆಲ್ಲ ಇಟ್ಟಿಗೆ. ಇಲ್ಲಿ ತರಕಾರಿಯವನ ಹತ್ತಿರ ‘ಪಾವ್ ಕಿಲೋ’ ಕೇಳಿ ಕೇಳಿ, ಪಾವು ಎಂದರೆ 250 ಗ್ರಾಂ ಎಂದೇ ತಲೆಯಲ್ಲಿ ಕೂತುಬಿಟ್ಟಿತ್ತು. ಅಮ್ಮ ಇರುವಾಗ ಕೇಳಬೇಕೆಂದು ಹೊಳೆಯಲೇ ಇಲ್ಲ.

ಪಾವು ಎಂದರೆ ಕಾಲು ಸೇರು. ಅಲ್ಲಿಯವರೆಗೆ ಸರಿ, ತೊಡಕಿರುವುದು ಸೇರಿನಲ್ಲಿ. ಬ್ರಿಟಿಷ್ ಸರ್ಕಾರ ಗೊತ್ತುಮಾಡಿದ ತೂಕದ ಸೇರು 80 ತೊಲ, ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಅಳತೆಯ ಸೇರು ಬೇರೆ, ಅದರ ಗಾತ್ರವೂ ಊರಿಂದೂರಿಗೆ ಬೇರೆ. ಹಳೇ ಮೈಸೂರಿನ ಮನೆಗಳಲ್ಲಿ ಅಕ್ಕಿ ಬೇಳೆ ಅಳೆಯುತ್ತಿದ್ದದ್ದು ಈ ಎರಡನೆಯದರಲ್ಲಿ: ಸೇರು, ಅಚ್ಚೇರು, ಪಾವು, ಚಟಾಕು. (ಮೊದಲನೆಯದನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದದ್ದು ನಿಮಗೂ ನೆನಪಿರಬೇಕು.) 1956ರ ಕಾಯ್ದೆಯಂತೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ, ಗ್ರಾಂ ಬಂದವು. ಮುಂಬಯಿಯ ಮಾರುಕಟ್ಟೆ ‘ಪಾವ್’ ಎಂಬ ಮಾತನ್ನು ಬಿಡದೆ ಕಿಲೋಗೆ ಅಂಟಿಸಿಕೊಂಡಿತು. ನಮ್ಮ ಹಿತ್ತಾಳೆ ಪಾವು ಅಕ್ಕಿ ಡಬ್ಬದೊಳಗೇ ಉಳಿಯಿತು.

ಕೇಕಿನ ತವರಲ್ಲೂ ಇದೇ ಜಗಳ. 18ನೇ ಶತಮಾನದ ಇಂಗ್ಲೆಂಡಿನ ಪೌಂಡ್ ಕೇಕ್ ಹೆಸರೇ ಹೇಳುವಂತೆ ತೂಕದ್ದು: ಹಿಟ್ಟು, ಸಕ್ಕರೆ, ಬೆಣ್ಣೆ, ಮೊಟ್ಟೆ ಒಂದೊಂದು ಪೌಂಡು. ಅಮೆರಿಕದ ಮನೆಗಳು ತಕ್ಕಡಿ ಬಿಟ್ಟು ಬಟ್ಟಲು ಹಿಡಿದವು. ಬಟ್ಟಲನ್ನು ಒಬ್ಬರು ಗೋಪುರದಂತೆ ತುಂಬಿದರೆ ಇನ್ನೊಬ್ಬರು ಅರೆಕೊರೆ. 1896ರಲ್ಲಿ ಬಾಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ತಮ್ಮ ಪುಸ್ತಕದಲ್ಲಿ, ಕಪ್ಪಾಗಲಿ ಚಮಚವಾಗಲಿ ಅಂಚಿಗೆ ಸಮನಾಗಿ ಸವರಿಯೇ ಅಳೆಯಬೇಕೆಂದು ಪಟ್ಟುಹಿಡಿದರು. ಅಮೆರಿಕದ ಕಪ್ ಈಗ ಸುಮಾರು 237 ಮಿಲಿಲೀಟರ್. ಅಲ್ಲಿ ಬಾಯಿಪಾಠದ ಕೇಕೊಂದಿದೆ, ಒಂದು-ಎರಡು-ಮೂರು-ನಾಲ್ಕು: ಬೆಣ್ಣೆ ಒಂದು ಕಪ್, ಸಕ್ಕರೆ ಎರಡು, ಹಿಟ್ಟು ಮೂರು, ಮೊಟ್ಟೆ ನಾಲ್ಕು.

ಇದನ್ನು ಓದಿದವಳು ಎದ್ದು ಅಮ್ಮನ ಪುಸ್ತಕ ತೆಗೆದೆ. ಅರ್ಧ, ಒಂದು, ಒಂದೂವರೆ, ಎರಡು. ಸರಿಯಾಗಿ ಅದರ ಅರ್ಧ! ಯಾವ ದಾರಿಯಲ್ಲಿ ಬಂತೋ, ಕಪ್ ಇದ್ದಲ್ಲಿ ಅಮ್ಮ ಪಾವು ಇಟ್ಟಿದ್ದರು.

ಪಾವಿಗೆ ಅಂಚಿನವರೆಗೆ ನೀರು ತುಂಬಿ ತೂಗಿದೆ. ಕಾಲು ಲೀಟರಿಗೆ ಸ್ವಲ್ಪ ಕಡಿಮೆ, ಅಮೆರಿಕದ ಕಪ್ಪಿನ ಆಸುಪಾಸು. ಆಮೇಲೆ ಒಂದೊಂದೇ ಸಾಮಾನು. ಅರ್ಧ ಪಾವು ಬೆಣ್ಣೆ 115 ಗ್ರಾಂ. ನಾನು ಹಾಕುತ್ತಿದ್ದದ್ದು 125, ದೊಡ್ಡ ವ್ಯತ್ಯಾಸವಲ್ಲ. ಒಂದು ಪಾವು ಸಕ್ಕರೆ 200, ನಾನು 250. ಒಂದೂವರೆ ಪಾವು ಮೈದಾ ಬರೀ 180. ನಾನು ಸುರಿಯುತ್ತಿದ್ದದ್ದು 375! ಬೆಣ್ಣೆ ಹೆಚ್ಚುಕಡಿಮೆ ನೀರಿನಷ್ಟೇ ಭಾರ, ಮೈದಾದ ತುಂಬ ಗಾಳಿ. ಎರಡು ಪಟ್ಟು ಹಿಟ್ಟನ್ನು ಎರಡೇ ಮೊಟ್ಟೆ ಎತ್ತಬೇಕೆಂದರೆ ಪಾಪ ಎಲ್ಲಿಂದ ಎತ್ತೀತು?

ಅಮ್ಮನ ಪೆನ್ಸಿಲ್ ಬರಹದ ಪಕ್ಕ ಈಗ ಗ್ರಾಂ ಬರೆದಿಟ್ಟಿದ್ದೇನೆ. ಮೈದಾವನ್ನು ಜರಡಿ ಹಿಡಿದು ಅಳೆಯುತ್ತಿದ್ದರೋ, ಡಬ್ಬದಿಂದ ಹಾಗೇ ಮೊಗೆಯುತ್ತಿದ್ದರೋ ಅವರು ಬರೆದಿಲ್ಲ. ಅಷ್ಟರಲ್ಲೇ ಪಾವಿಗೆ ಇಪ್ಪತ್ತು ಗ್ರಾಂ ಏರುಪೇರಾಗುತ್ತದೆ. ಎರಡೂ ಬಗೆ ಮಾಡಿ ನೋಡಿದೆ. ಜರಡಿ ಹಿಡಿದದ್ದೇ ಅಮ್ಮನದು.